ಹಿರೇಮಠ ಅಂಕಲ್ ಮತ್ತು ಮೊದಲ ಹನ್ನೆರಡು ಸೆಕೆಂಡು

ನಮ್ಮ ಮನೆಗೂ ಹಿರೇಮಠ ಅಂಕಲ್ ಮನೆಗೂ ನಡುವೆ ಒಂದೇ ಗೋಡೆ. ವರ್ಜೀನಿಯಾದ ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸುಗಳನ್ನು ಕಟ್ಟಿದ ಪುಣ್ಯಾತ್ಮ ಆ ಗೋಡೆಯನ್ನು ಯಾವುದರಿಂದ ಕಟ್ಟಿದ್ದನೋ ದೇವರಿಗೇ ಗೊತ್ತು. ಆಚೆ ಒಗ್ಗರಣೆ ಸಿಡಿದರೆ ಈಚೆ ನಾವು ಸೀನುತ್ತಿದ್ದೆವು. ಎರಡು ಸಾವಿರದ ಇಪ್ಪತ್ತರಲ್ಲಿ ರೆಸ್ಟನ್‌ನ ನಮ್ಮ ಆಫೀಸು ಮುಚ್ಚಿತು. ನಾನು ಆ ಗೋಡೆಗೆ ಮೇಜು ಒತ್ತರಿಸಿ ಕೆಲಸಕ್ಕೆ ಕೂತ ಮೊದಲ ದಿನವೇ ಆಚೆಯಿಂದ ಒಂದು ರಾಕ್ ಹಾಡು ಶುರುವಾಯಿತು. ಡ್ರಮ್ಮು ನಾಲ್ಕು ಸಲ ಬಡಿಯಿತು, ಗಿಟಾರು ಗರ್ ಅಂದಿತು, ಹಾಡುವವನು ಬಾಯಿ ತೆರೆಯುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ನಿಂತಿತು. ಹೀಗೆ ಹನ್ನೊಂದು ಸಲ. ಆಮೇಲೆ ಬೇರೆ ಹಾಡು, ಅದಕ್ಕೂ ಅದೇ ಗತಿ. ಮುಂದಿನ ಎರಡು ವರ್ಷ ನನ್ನ ಬದುಕಿನಲ್ಲಿ ಹಾಡುಗಳು ಬರೀ ಶುರುವಾದವು, ಒಂದೂ ಮುಗಿಯಲಿಲ್ಲ.

ಮೂರನೆಯ ದಿನ ಜಗಳಕ್ಕೆಂದೇ ಹೋದೆ. ಆಗ ಜಗಳವನ್ನೂ ಆರಡಿ ದೂರದಲ್ಲಿ ನಿಂತು, ಮಾಸ್ಕ್ ಹಾಕಿಕೊಂಡೇ ಆಡಬೇಕಿತ್ತು. ಬಾಗಿಲು ತೆರೆದವರು ಎಪ್ಪತ್ತರ ಹತ್ತಿರದ ಗದಗಿನ ಮನುಷ್ಯ. ಹಣೆಯಲ್ಲಿ ಮೂರು ಗೆರೆ ವಿಭೂತಿ, ಎದೆಯ ಮೇಲೆ ಬೆಂಕಿ ಉಗುಳುವ ತಲೆಬುರುಡೆಯ ಕಪ್ಪು ಟಿ-ಶರ್ಟು. ಶಿವಭಕ್ತರಿಗೆ ತಲೆಬುರುಡೆ ಹೊಸದೇನಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

"ಅಂಕಲ್, ನನಗೆ ಮೀಟಿಂಗ್ ಇದೆ. ಒಂದೋ ಹಾಡು ಪೂರ್ತಿ ಪ್ಲೇ ಮಾಡಿ, ಇಲ್ಲಾ ಆಫ್ ಮಾಡಿ" ಎಂದೆ.

"ಪೂರ್ತಿ ಯಾಕ ಕೇಳಬೇಕು ತಂಗಿ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹಾಡು ಅಂದ್ರ ಮೊದಲನೇ ಹನ್ನೆರಡು ಸೆಕೆಂಡು. ಮುಂದಿಂದೆಲ್ಲಾ ವಿವರಣೆ. ಅವ ಯಾವಾಕಿನೋ ಲವ್ ಮಾಡಿದ್ದ, ಆಕಿ ಬಿಟ್ಟು ಹ್ವಾದ್ಲು. ಅದನ್ನ ಕಟಗೊಂಡು ನಮಗೇನು ಆಗಬೇಕಾಗೈತಿ?"

ಜಗಳ ಅಲ್ಲಿಗೇ ಮುಗಿಯಿತು. ಅವರ ಹೆಂಡತಿ ಶಾಂತಾ ಆಂಟಿ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಎತ್ತಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದೆ. ಹತ್ತು ನಿಮಿಷಕ್ಕೆ ಗೋಡೆಯಾಚೆ ಡ್ರಮ್ಮು ಮತ್ತೆ ನಾಲ್ಕು ಸಲ ಬಡಿಯಿತು.

ಅಂಕಲ್ ವರ್ಜೀನಿಯಾದ ಸೇತುವೆಗಳಲ್ಲಿ ಬಿರುಕು ಹುಡುಕುವ ಎಂಜಿನಿಯರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಕಾಂಕ್ರೀಟ್ ಒಡೆಯುವ ಯಂತ್ರಗಳ ಪಕ್ಕದಲ್ಲಿ ನಿಂತು ಎಡಗಿವಿಯನ್ನು ಸರ್ಕಾರಕ್ಕೆ ಅರ್ಪಿಸಿದ್ದರು. ಬಲಗಿವಿಯೂ ಅದೇ ಹಾದಿ ಹಿಡಿದಿತ್ತು. ಇನ್ನೆರಡು ಮೂರು ವರ್ಷ ಅಷ್ಟೇ ಎಂದು ಡಾಕ್ಟರು ಹೇಳಿದ್ದರಂತೆ. ಇದ್ದೊಂದು ಕಿವಿಗೆ ಹತ್ತಿ ಇಟ್ಟುಕೊಂಡು ಜೋಪಾನ ಮಾಡುವುದು ಬಿಟ್ಟು ಈ ಮಹಾನುಭಾವರು ಅದಕ್ಕೆ ದಿನವಿಡೀ ಡ್ರಮ್ಮು ಬಡಿಸುತ್ತಿದ್ದರು. ಕೇಳಿದರೆ, "ಹೋಗೂ ಮುಂದ ಊಟಾ ಹಾಕಿ ಕಳಸ್ಬೇಕಲ್ಲವಾ" ಎನ್ನುತ್ತಿದ್ದರು.

ಈ ಹುಚ್ಚಿಗೆ ಕಾರಣ ಹುಬ್ಬಳ್ಳಿಯ ಒಬ್ಬ ಕ್ಯಾಸೆಟ್ ಅಂಗಡಿಯವನು. ಅಂಕಲ್ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಹುಡುಗರಿಗೆಲ್ಲ ಇಂಗ್ಲಿಷ್ ಹಾಡು ತುಂಬಿಸಿ ಕೊಡುತ್ತಿದ್ದವನು ಅವನೇ. ರೆಕಾರ್ಡ್ ಗುಂಡಿ ಒತ್ತುವ ಮೊದಲು ಚಹಾದ ಕಪ್ಪನ್ನು ಕೆಳಗಿಡಬೇಕಲ್ಲ, ಅಷ್ಟರಲ್ಲಿ ಪ್ರತಿ ಹಾಡಿನ ಮೊದಲ ಭಾಗ ಗಾಳಿಗೆ ಹೋಗಿರುತ್ತಿತ್ತು. "ಐದು ವರ್ಷ ತಲೀ ಇಲ್ಲದ ಹಾಡು ಕೇಳೀನಿ ತಂಗಿ. ಅವು ಹಂಗ ಅದಾವ ಅಂತ ತಿಳಕೊಂಡಿದ್ದೆ" ಎನ್ನುತ್ತಿದ್ದರು. ಓದಲು ಅಮೆರಿಕಕ್ಕೆ ಬಂದ ಮೊದಲ ವಾರ ರೂಮ್‌ಮೇಟ್ ಒಂದು ರೆಕಾರ್ಡ್ ಹಾಕಿದನಂತೆ. ಒಂಟಿ ಗಿಟಾರ್ ತಂತಿ ಮೂರು ಸಲ ಮಿಡಿಯಿತು. ಸದ್ದಿಲ್ಲ. ಮತ್ತೆ ಮೂರು ಸಲ. ಆಮೇಲೆ ಡ್ರಮ್ಮು. ಆಮೇಲೆ ತಾನು ಐದು ವರ್ಷ ಗುನುಗಿದ್ದ ಹಾಡು! "ಅಳೂನ ಬಂತು ನೋಡು. ಪರಿಚಯದ ಮನಶ್ಯಾನ ಮಾರಿ ಮೊದಲನೇ ಸಲ ಕಂಡಂಗಾತು." ಆ ಇಂಗ್ಲಿಷ್ ತಂಡದ ಹೆಸರು ನಾನು ಬರೆಯುವುದಿಲ್ಲ, ಅವರ ಭಕ್ತರು ಜಗಳಗಂಟರು.

ಅಂಕಲ್‌ಗೆ ಬಾಕಿ ಉಳಿದಿದ್ದ ಆಸೆ ಒಂದೇ. ಆ ಶುರುವನ್ನು ಎದುರಿಗೆ ಕೂತು ಕೇಳಬೇಕು. "ರೆಕಾರ್ಡಿನ್ಯಾಗ ದಿನಾ ಒಂದ ಥರಾ ಬರ್ತೈತಿ. ಲೈವ್‌ದಾಗ ಅವ್ರು ಹೆಂಗ ಶುರು ಮಾಡ್ತಾರೋ ಯಾರಿಗೂ ಗೊತ್ತಿರೂದಿಲ್ಲ. ಅದನ್ನ ಕೇಳಾಕ ಹೋಗೂದು." ಮದುವೆ, ಮಕ್ಕಳು, ಸೇತುವೆ ಎಂದು ನಲವತ್ತು ವರ್ಷ ಕಳೆದವು. ಕೊನೆಗೆ ಆ ತಂಡ ಕೊನೆಯ ಪ್ರವಾಸ ಘೋಷಿಸಿ, ವಾಷಿಂಗ್ಟನ್‌ಗೆ ಅಂಕಲ್ ಟಿಕೆಟ್ ತೆಗೆದರೆ, ಕೊರೊನಾ ಬಂದು ಕಾರ್ಯಕ್ರಮ ರದ್ದಾಯಿತು.

ನಮ್ಮ ಕನ್ನಡ ಸಂಘದವರಿಗೂ ಈ ಮನುಷ್ಯ ಒಂದು ತಲೆನೋವು. ಸಂಘದ ಕಾರ್ಯಕ್ರಮ ಆರಕ್ಕೆ ಎಂದರೆ ಏಳೂವರೆಗೆ ಎಂದರ್ಥ; ಇದು ಎಲ್ಲರಿಗೂ ಗೊತ್ತು, ಕರಪತ್ರ ಬರೆದವರಿಗೂ ಗೊತ್ತು. ಅಂಕಲ್ ಮಾತ್ರ ಐದೂ ಐವತ್ತಕ್ಕೇ ಹೋಗಿ ಖಾಲಿ ಶಾಲೆಯ ಸಭಾಂಗಣದ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಮೈಕ್ ಟೆಸ್ಟಿಂಗ್ ಕೇಳುತ್ತಿದ್ದರು, ತಂಬೂರಿ ಶ್ರುತಿ ಮಾಡುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪ್ರಾರ್ಥನೆ ಮುಗಿದು ಅಧ್ಯಕ್ಷರು ಮಾತಿಗೆ ನಿಂತ ಕೂಡಲೇ ಎದ್ದು ಮನೆಗೆ ಹೊರಡುತ್ತಿದ್ದರು. ಅಧ್ಯಕ್ಷರ ಭಾಷಣ ಕೇಳಿದ ಮೇಲೆ ಅನಿಸುತ್ತಿತ್ತು, ಇಡೀ ಸಭೆಯಲ್ಲಿ ಬುದ್ಧಿ ಇದ್ದವರು ಇವರೊಬ್ಬರೇ.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಆ ತಂಡ ಕೊನೆಯ ಪ್ರವಾಸವನ್ನು ಎರಡನೆಯ ಸಲ ಹೊರಟಿತು. ನಮ್ಮ ಹತ್ತಿರದ್ದೆಂದರೆ ಆರೇಳು ತಾಸಿನ ದಾರಿಯ ಶಾರ್ಲಟ್. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಂಕಲ್ ಹೈವೇ ಮೇಲೆ ಗಾಡಿ ಓಡಿಸುತ್ತಿರಲಿಲ್ಲ, ಆಂಟಿಗೆ ಆ ತಂಡದ ಸದ್ದು ಕೇಳಿದರೆ ತಲೆಶೂಲೆ. "ನಾನು ಡ್ರೈವ್ ಮಾಡ್ತೀನಿ ಬನ್ನಿ" ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಟಿಕೆಟ್ ಕೂಡ ನನ್ನ ಫೋನಿನಲ್ಲೇ ತೆಗೆದೆ. ಆ ಸಂಜೆ ಅವರು ಆ ಹಾಡಿನಿಂದಲೇ ಶುರು ಮಾಡುತ್ತಾರೆ, ಏಳೂವರೆಗೆ ಸರಿಯಾಗಿ, ಎಂದು ಅಂಕಲ್ ದಾರಿಯುದ್ದಕ್ಕೂ ಹೇಳಿದರು.

"ಅಂಕಲ್, ಯಾವ ಪ್ರೋಗ್ರಾಂ ಟೈಮಿಗೆ ಸ್ಟಾರ್ಟ್ ಆಗಿದೆ ಹೇಳಿ. ಯಾರೋ ಬಂದು ದೀಪ ಹಚ್ಚಬೇಕು, ಸ್ಪಾನ್ಸರ್‌ಗೆ ಶಾಲು ಹೊದಿಸಬೇಕು" ಎಂದು ನಾನು ನಕ್ಕೆ. ಆರು ಗಂಟೆಗೆ ಊರು ಸೇರಿದರೂ ದಾರಿಯಲ್ಲಿ ಕಾಫಿ, ಪಾರ್ಕಿಂಗಿನಲ್ಲಿ ಕೂತು ರೊಟ್ಟಿ, ಎಲ್ಲ ಮುಗಿಸಿ ಏಳೂಕಾಲಿಗೆ ಗೇಟಿಗೆ ಬಂದೆವು. ನನ್ನ ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಆಂಟಿ ಕಲಸಿ ಕೊಟ್ಟ ಮೊಸರನ್ನದ ಸ್ಟೀಲ್ ಡಬ್ಬಿ. ಎರಡು ತಾಸು ಕೂರಬೇಕಲ್ಲ, ಮಧ್ಯೆ ಹಸಿವಾದರೆ?

ಗೇಟಿನವನು ಡಬ್ಬಿಯನ್ನು ಬಾಂಬ್ ನೋಡುವ ಹಾಗೆ ನೋಡಿದ. ಒಳಗಿರುವುದು ಆಚೆ ಕಾಣುವ ಪ್ಲಾಸ್ಟಿಕ್ ಚೀಲ ಮಾತ್ರ ಬಿಡುತ್ತಾರೆ, ಹೊರಗಿನ ಊಟ ಬಿಡುವುದೇ ಇಲ್ಲ, ಇದನ್ನು ಅಲ್ಲಿ ಕಸದ ಡ್ರಮ್ಮಿಗೆ ಹಾಕಿ ಎಂದ. ಅನ್ನವನ್ನೇನೋ ಕಣ್ಣು ಮುಚ್ಚಿ ಚೆಲ್ಲಬಹುದಿತ್ತು. ಆದರೆ ಡಬ್ಬಿ ನನ್ನದು, ಅದರ ಮೇಲೆ ನಮ್ಮತ್ತೆಯ ಹೆಸರು, ಮದುವೆಯ ತಾರೀಖು ಕೆತ್ತಿಸಿದೆ. ಹೆಸರು ಕೆತ್ತಿಸಿದ ಡಬ್ಬಿಯನ್ನು ಕಳೆದ ಸೊಸೆಗೆ ಮೈಸೂರಿನಲ್ಲಿ ಕಾಲಿಡಲು ಜಾಗವಿಲ್ಲ. "ಅಂಕಲ್, ಐದೇ ನಿಮಿಷ, ಕಾರಲ್ಲಿ ಇಟ್ಟು ಬರ್ತೀನಿ" ಎಂದು ಫೋನು, ಟಿಕೆಟ್ಟು ಎಲ್ಲ ಹಿಡಿದುಕೊಂಡು ಓಡಿದೆ. ಕಾರು ಐದು ನಿಮಿಷದ ದೂರದಲ್ಲಿರಲಿಲ್ಲ.

ಏದುಸಿರು ಬಿಡುತ್ತಾ ತಿರುಗಿ ಬರುವ ಹೊತ್ತಿಗೆ ಒಳಗಿನಿಂದ ಸಾವಿರಾರು ಜನ ಒಮ್ಮೆಗೇ ಕೂಗಿದ್ದು ಕೇಳಿಸಿತು. ಅಂಕಲ್ ಸಾಲಿನಲ್ಲಿರಲಿಲ್ಲ. ಆ ಕಟ್ಟಡದ ಹೊರಗೋಡೆಗೆ ಬಲಗಿವಿ ಒತ್ತಿ, ಎರಡೂ ಅಂಗೈ ಕಾಂಕ್ರೀಟಿಗೆ ಊರಿ ನಿಂತಿದ್ದರು. ನಾನು ಹತ್ತಿರ ಹೋದರೂ ಕದಲಲಿಲ್ಲ. ಗೋಡೆ ಧಡಧಡ ಎಂದಿತು. ಆಗ ತಲೆ ಎತ್ತಿ, "ಡ್ರಮ್ ಬಂತು. ಮೊದಲಿಂದು ಮುಗೀತು, ನಡಿ" ಎಂದರು.

ಅಷ್ಟೇ. ಒಂದು ಬಿರುಸು ಮಾತಿಲ್ಲ. ಒಳಗೆ ಹೋಗಿ, ಹುಟ್ಟಿದಾಗಿನಿಂದ ಸಹಿಸದ ವಿವರಣೆಯನ್ನು ಎರಡು ತಾಸು ಕೂತು ಕೇಳಿದರು. ಆಮೇಲೆ ಕಾರಿನಲ್ಲಿ ಆ ಡಬ್ಬಿ ತೆಗೆದು, "ಮೊಸರನ್ನ ಛಲೋ ಆಗೈತಿ, ನೀನೂ ತಿನ್ನು" ಎಂದರು. ಕ್ಷಮೆ ಕೇಳಿದರೆ, "ಇರ್ಲಿ ಬಿಡು ತಂಗಿ. ಅವ್ರು ಇನ್ನಾ ನಾಕು ಸಲ ಕಡೀ ಪ್ರವಾಸ ಮಾಡ್ತಾರ" ಎಂದು ನಕ್ಕರು. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಆ ಬಲಗಿವಿಗೆ ಎಷ್ಟು ದಿನ ಉಳಿದಿದೆ ಎಂದು ನನಗೂ ಗೊತ್ತಿತ್ತು. ಅದಾದ ಮೇಲೆ ಎಷ್ಟೋ ದಿನ ಅವರ ಮನೆ ಮುಂದೆ ಹಾಯುವಾಗ ಫೋನ್ ನೋಡುವ ನಾಟಕ ಮಾಡುತ್ತಿದ್ದೆ.

ಆ ತಂಡದವರು ಮಾತಿಗೆ ತಪ್ಪಲಿಲ್ಲ. ಎರಡು ವರ್ಷಕ್ಕೆ ಮೂರನೆಯ ಸಲ ಕೊನೆಯ ಪ್ರವಾಸ ಹೊರಟರು, ಈ ಸಲ ಅಟ್ಲಾಂಟಾಕ್ಕೆ. ಅಂಕಲ್‌ರ ಬಲಗಿವಿಗೆ ಆಗಲೇ ಯಂತ್ರ ಬಂದಿತ್ತು. ಅವರನ್ನು ಒಂದು ಮಾತೂ ಕೇಳದೆ ಟಿಕೆಟ್ ತೆಗೆದೆ. ಹಿಂದಿನ ದಿನವೇ ಹತ್ತು ಗಂಟೆ ಓಡಿಸಿ ಊರು ಸೇರಿ, ಮರುದಿನ ಕೈಯಲ್ಲಿ ಕರವಸ್ತ್ರವೂ ಇಲ್ಲದೆ ಮೂರು ತಾಸು ಮುಂಚೆ ಗೇಟಿನಲ್ಲಿ ನಿಂತೆವು. ಕಸ ಗುಡಿಸುವವರು ನಮ್ಮ ಕಾಲ ಸುತ್ತ ಗುಡಿಸಿಕೊಂಡು ಹೋದರು.

ದೀಪ ಆರಿತು. ಜನ ಕೂಗಿದರು. ಆ ಕೂಗು ಯಂತ್ರದಲ್ಲಿ ಕರ್ಕಶವಾಗಿ ಚುಚ್ಚಿತೇನೋ, ಅಂಕಲ್ ಮುಖ ಕಿವುಚಿ ಅದನ್ನು ಕಿವಿಯಿಂದ ಕಿತ್ತು ಜೇಬಿಗೆ ಹಾಕಿಕೊಂಡರು, ಶುರುವಿಗೆ ಯಾವಾಗಲೂ ಮಾಡುವ ಹಾಗೆ ಕಣ್ಣು ಮುಚ್ಚಿದರು. ವೇದಿಕೆಯ ಮೇಲೆ ಒಂದೇ ಒಂದು ಬೆಳಕು ಬಿತ್ತು, ಪಿಯಾನೊ ಮೇಲೆ. ಗಿಟಾರಿನವನಿಗೆ ವಯಸ್ಸಾಗಿ ಬೆರಳು ಸೋತಿದ್ದವೋ ಏನೋ, ಅವನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ. ಪಿಯಾನೊ ಬಲು ಮೆಲ್ಲಗೆ ಮೂರು ಸಲ ನುಡಿಯಿತು. ಇಪ್ಪತ್ತು ಸಾವಿರ ಜನ ಉಸಿರು ಬಿಗಿಹಿಡಿದರು. ಮತ್ತೆ ಮೂರು ಸಲ. ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ರಾಕ್ ಅಂದರೆ ಗಲಾಟೆ ಎಂದು ನಾಲ್ಕು ವರ್ಷ ಆಡಿಕೊಂಡವಳು ನಾನು. ಅಂಕಲ್ ಏನನ್ನು ಹುಡುಕುತ್ತಿದ್ದರೆಂದು ಆಗ ತಿಳಿಯಿತು.

ಡ್ರಮ್ಮು ಬಂದು ನೆಲ ನಡುಗಿತು. ಅಂಕಲ್ ಕಣ್ಣು ಬಿಟ್ಟು ನನ್ನ ತೋಳು ತಟ್ಟಿದರು. "ಕೇಳಿಸ್ತು ತಂಗಿ! ಆತು, ನಡಿ." ಹತ್ತು ಗಂಟೆ ಓಡಿಸಿಕೊಂಡು ಬಂದ ಕಾರ್ಯಕ್ರಮದಿಂದ ನಾವು ಒಂದೂವರೆ ನಿಮಿಷಕ್ಕೆ ಎದ್ದು ಬಂದೆವು. ಗೇಟಿನವಳು ನಮ್ಮನ್ನು ಕಂಡು, ಹೊರಗೆ ಹೋದರೆ ಮತ್ತೆ ಬಿಡುವುದಿಲ್ಲ ಎಂದು ಎರಡೆರಡು ಸಲ ಎಚ್ಚರಿಸಿದಳು.

ಮರುದಿನ ಬೆಳಿಗ್ಗೆ ವಾಪಸು ಹೊರಟೆವು. ಸೌತ್ ಕ್ಯಾರೊಲೈನಾದಲ್ಲಿ ಹೈವೇ ಪಕ್ಕ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ಕಾಣುವಾಗ ಅಂಕಲ್ ಬಾಯಿ ಬಿಟ್ಟರು. "ಆ ತಂತಿ ಹೆಂಗ ಮಿಡಿದಾ ನೋಡಿದೇನು? ಮೂರು ಏಟು. ಇಷ್ಟು ವಯಸ್ಸಾದ್ರೂ ಬೆರಳು ಹಂಗ ಅದಾವ. ಅಂವಾ ಅಂವನ ಬಿಡು!"

ನಾನು ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡಿದೆ. ಎದುರುತ್ತರ ಕೊಡದೆ ಒಂದು ಮಾತನ್ನೂ ದಾಟಿಸಿದವಳಲ್ಲ ನಾನು; ನಮ್ಮ ಮನೆಯವರು ಬೇಕಾದರೆ ಸಾಕ್ಷಿ ಹೇಳುತ್ತಾರೆ. "ಹೌದು ಅಂಕಲ್, ಗಿಟಾರ್ ಸೂಪರಾಗಿತ್ತು" ಎಂದೆ. ಮನೆ ಮುಟ್ಟುವವರೆಗೂ ಅವರು ಆ ತಂತಿಯನ್ನು ಹೊಗಳಿದರು, ನಾನೂ ಜೊತೆಗೆ ಹೊಗಳಿದೆ.

ಕಳೆದ ಚಳಿಗಾಲದಲ್ಲಿ ಹಿರೇಮಠ ಅಂಕಲ್ ತೀರಿಕೊಂಡರು. ಹೃದಯಾಘಾತ, ಆಸ್ಪತ್ರೆಗೆ ಹೋಗುವಷ್ಟೂ ಸಮಯ ಕೊಡಲಿಲ್ಲ. ಜನ ಬಂದು ಹೋಗುವುದೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾರು ತೆಗೆದುಕೊಂಡು ಶಾಂತಾ ಆಂಟಿ ಹತ್ತಿರ ಹೋದೆ. ಪಾತ್ರೆ ಕೆಳಗಿಟ್ಟು, "ಅಟ್ಲಾಂಟಾದಲ್ಲಿ ಆ ಹಾಡು ಕೇಳಿಸ್ತಲ್ಲ ಆಂಟಿ, ಅದೊಂದು ಸಮಾಧಾನ" ಎಂದೆ.

"ಎಲ್ಲೀ ಕೇಳಸ್ತೈತಿ ಯವ್ವಾ!" ಎಂದರು ಆಂಟಿ. "ಮನೀಗೆ ಬಂದ ದಿನಾನ ಹೇಳಿದ್ರು. 'ಏನಂದ್ರ ಏನೂ ಕೇಳಸ್ಲಿಲ್ಲ ಶಾಂತಾ, ಕಾಲಾಗ ಡ್ರಮ್ ಬಂದಿದ್ದು ಗೊತ್ತಾತು ಅಷ್ಟ. ಆ ಹುಡುಗಿ ಶಾರ್ಲಟ್‌ದಿಂದ ಬಂದಾಗಿಂದ ಮಾರಿ ಸಣ್ಣದು ಮಾಡ್ಕೊಂಡು ಅಡ್ಡಾಡಾಕತ್ತಾಳ. ಕೇಳಿಸ್ತು ಅಂದುಬಿಟ್ಟೆ' ಅಂದ್ರು."

ನಾನೂ ನಿಜ ಹೇಳಿದೆ. "ಆಂಟಿ, ಅವತ್ತು ಗಿಟಾರ್ ಇರಲೇ ಇಲ್ಲ. ಪಿಯಾನೊ ನುಡಿಸಿದ್ರು."

ಆಂಟಿ ನನ್ನ ಮುಖ ನೋಡಿದರು. "ಅಂದ್ರ ಅವರಿಗೆ ಕೇಳಿಸಿಲ್ಲ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಹತ್ತು ತಾಸು ಒಂದ ಗಾಡ್ಯಾಗ ಕುಂತು," ಆಂಟಿಗೆ ನಗು ತಡೆಯಲಾಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು, "ಒಬ್ಬರಿಗೊಬ್ಬರು ಸುಳ್ಳು ಹೇಳ್ಕೋತ ಬಂದೀರಿ?"

ಹೌದು ಎಂದೆ. ನಾನೂ ನಕ್ಕೆ. ಆಮೇಲೆ ಅವರ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಂಕಲ್ ಹೋದ ದಿನ ನನಗೆ ಅಳು ಬಂದಿರಲಿಲ್ಲ.