ಸೊನ್ನೆಯಲ್ಲಿಟ್ಟ ಮನೆ

ಮಗಳು ಲೆಕ್ಕ ತಪ್ಪಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೀದಿಯ ಮಕ್ಕಳಿಗೆಲ್ಲ ಟ್ಯೂಷನ್ ಹೇಳುವವಳು ನಾನು. ಆದರೆ ಆ ಭಾನುವಾರ ಅವಳ ಉತ್ತರವೇನೋ ಸರಿಯಾಗಿತ್ತು. ಗ್ರಾಫ್ ಹಾಳೆಯ ಮೇಲೆ ಬಂಗಾರಪೇಟೆಯ ನಮ್ಮ ಮನೆಯನ್ನು ಸೊನ್ನೆ, ಸೊನ್ನೆಯಲ್ಲಿಟ್ಟು, ಕೋರಮಂಡಲ್‌ನ ದೊಡ್ಡಮ್ಮನ ಮನೆಯನ್ನು ಎಂಟು, ಆರರಲ್ಲಿಟ್ಟಿದ್ದಳು. ದೂರ ಹತ್ತು. ಮಧ್ಯಬಿಂದು ನಾಲ್ಕು, ಮೂರು.

ಆ ದೊಡ್ಡಮ್ಮ, ಅಂದರೆ ನನ್ನ ಅಕ್ಕ, ನನ್ನ ಹತ್ತಿರ ಮಾತಾಡಿ ವರ್ಷವಾಗುತ್ತಾ ಬಂದಿತ್ತು. ಅಣ್ಣತಮ್ಮಂದಿರು ಇಲ್ಲದ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಅಮ್ಮನ ಎಡೆ ಇಡಬೇಕಾದವರು ನಾವಿಬ್ಬರೇ. ಅಮ್ಮನಿಗೆ ಇಷ್ಟವಾದದ್ದೆಲ್ಲ ಮಾಡಿ ಬಡಿಸಿ, ಮುಂದೆ ಒಂದು ಹೊಸ ಸೀರೆ ಇಡುತ್ತೇವೆ. ಅಮ್ಮ ಕೊನೆಗಾಲದಲ್ಲಿ ಇದ್ದದ್ದು ನನ್ನ ಮನೆಯಲ್ಲಿ, ಅದಕ್ಕೇ ಎಡೆ ಇಲ್ಲೇ ಅಂತ ನನ್ನ ಹಟ. ಹೋದ ವರ್ಷ ಅಕ್ಕ ಫೋನಿನಲ್ಲಿ, "ಮೊಣಕಾಲು ಬಗ್ಗಲ್ಲ ಕಣೆ, ಸ್ಟೇಷನ್ ಮೆಟ್ಟಿಲು ಅತ್ತಕ್ಕಾಗಲ್ಲ, ನೀವೇ ಬನ್ನಿ" ಅಂದಳು. ನೆಪ ಹೇಳುತ್ತಾಳೆ ಅನ್ನಿಸಿತು. "ಬರೋರು ಬತ್ತಾರೆ" ಎಂದು ಫೋನಿಟ್ಟೆ. ಅವಳು ಬರಲಿಲ್ಲ. ಈ ಸಲದ ಅಮಾವಾಸ್ಯೆಯೂ ಹತ್ತಿರ ಬಂದಿತ್ತು.

ಮಗಳು ಲೆಕ್ಕ ಮಾಡಿದ ರೀತಿ ನೋಡಿದೆ. ಮಧ್ಯಬಿಂದುವಿಗೂ ದೂರದ ಲೆಕ್ಕದ ಹಾಗೆ ಒಂದರಲ್ಲೊಂದು ಕಳೆದು, ಅರ್ಧ ಮಾಡಿದ್ದಳು. ಕೂಡಿ ಅರ್ಧ ಮಾಡಬೇಕು.

"ಉತ್ತರ ಸರಿಯಾಗೇ ಐತಲ್ಲಮ್ಮ!" ಎಂದು ವಾದಕ್ಕೆ ನಿಂತಳು. ಜಗ್ಗುವ ಪೈಕಿಯಲ್ಲ, ನನ್ನ ಮಗಳಲ್ಲವೇ.

ಸೊನ್ನೆಯನ್ನು ಸಂತೆ ಬೀದಿಯ ಮೂಲೆಗೆ ಜರುಗಿಸಿದೆ. ಈಗ ನಮ್ಮ ಮನೆ ಎರಡು, ಎರಡು. ದೊಡ್ಡಮ್ಮನದು ಹತ್ತು, ಎಂಟು. ದೂರ ಆಗಲೂ ಹತ್ತೇ ಬಂತು. ಮಧ್ಯಬಿಂದು ಆರು, ಐದು ಬರಬೇಕು. ಅವಳು ಕಳೆದು ಅರ್ಧ ಮಾಡಿ ಮತ್ತೆ ನಾಲ್ಕು, ಮೂರು ಅಂದಳು. ಚುಕ್ಕಿ ಇಟ್ಟರೆ ಅದು ನಮ್ಮ ಮನೆಯ ಮಗ್ಗುಲಿಗೇ ಬಂದು ಕೂತಿತು.

"ಇದ್ಯಾವ ಸೀಮೆ ನಡುವಮ್ಮ? ಪಾಪ, ದೊಡ್ಡಮ್ಮನೇ ಇಷ್ಟು ದೂರ ಬರಬೇಕಾ?" ಮಗಳು ನಕ್ಕಳು.

"ನಮ್ಮನೇನೇ ಸೊನ್ನೇಲಿಟ್ಕಂಡ್ರೆ ತಪ್ಪು ಕಾಣಲ್ಲ ಕಣೆ" ಎಂದು ಗದರಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

ಅವಳನ್ನು ಮಿಕ್ಕ ಲೆಕ್ಕಕ್ಕೆ ಕೂರಿಸಿ, ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ.

"ಅಕ್ಕಾ, ಈ ಸಲ ಎಡೆ ನಿಮ್ಮನೇಲೇ ಇಡಾನ. ನಾವೇ ಬತ್ತೀವಿ. ಅಮ್ಮಂಗೆ ಸೀರೆ ನಾನು ತತ್ತೀನಿ."



"ಸೀರೆ ತರಬ್ಯಾಡ ಕಣೆ" ಅಂದಳು ಅಕ್ಕ. "ಓದ್ ವರ್ಷ ಎಡೆಗೇಂತ ನಾನು ತಂದಿದ್ದು ಮಡಿಕೆ ಬಿಚ್ಚದೆ ಅಂಗೇ ಐತೆ."