ಸ್ಪ್ಯಾನರ್ ಅಕ್ಕ ಎಬ್ಬಿಸಿದ ಕಾಫಿ ಯಂತ್ರ

ಬೆಳಗಿನ ಐದೂಕಾಲು. ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಆಗಲೇ ಮೂವತ್ತು ನಲವತ್ತು ಮಂದಿ. ಚೀಟಿ ಕೊಡುವ ಕಿಟಕಿ ತೆರೆಯುವುದು ಏಳಕ್ಕೆ, ಕ್ಯಾಂಟೀನು ಎಂಟಕ್ಕೆ. ಮೂಲೆಯಲ್ಲಿ ಆಳೆತ್ತರದ ಕಬ್ಬಿಣದ ಪೆಟ್ಟಿಗೆಯೊಂದರ ಬಾಗಿಲು ತೆರೆದಿದೆ. ಅದರೊಳಗೆ ತಲೆ ತೂರಿಸಿ ಮಂಡಿಯೂರಿ ಕೂತಿದ್ದಾರೆ ಐವತ್ತೆಂಟು ವರ್ಷದ ಹೆಂಗಸು. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು.

“ಅಕ್ಕಾ, ಇನ್ನೂ ಎಷ್ಟೊತ್ತು?” ಬೆಂಚಿನಿಂದ ಆಂಬುಲೆನ್ಸ್ ಡ್ರೈವರ್ ಕೂಗುತ್ತಾರೆ.

ಟಾರ್ಚು ತೆಗೆದು ಹೇಳುತ್ತಾರೆ: “ನಿಮ್ಮ ಡಾಕ್ಟ್ರಿಗಿಂತ ಬೇಗ.”

ಹಜಾರ ನಗುತ್ತದೆ. ಬಾಗಿಲು ಮುಚ್ಚಿ ಒಂದು ನಾಣ್ಯ ಹಾಕುತ್ತಾರೆ. ಒಳಗೆ ಏನೋ ಉರುಳಿದ ಸದ್ದು, ಕಾಗದದ ಲೋಟ ತೊಪ್ಪನೆ ಬೀಳುತ್ತದೆ, ಪುಡಿ ಬೀಳುತ್ತದೆ, ಕೊನೆಗೆ ಬುಸ್ಸೆಂದು ಬಿಸಿನೀರು. ಮೊದಲ ಲೋಟವನ್ನು ತಾವೇ ಕುಡಿದು, ನಾಲಿಗೆ ಸುಟ್ಟುಕೊಂಡು, ತಲೆಯಾಡಿಸುತ್ತಾರೆ. ಸಾಲು ಮುಂದೆ ಸರಿಯುತ್ತದೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಸ್ಪ್ಯಾನರ್ ಅಕ್ಕ. ಇಪ್ಪತ್ತೆರಡು ವರ್ಷದಿಂದ ಗುತ್ತಿಗೆ ಕೆಲಸ. ಗಾಲಿಕುರ್ಚಿ, ಸ್ಟ್ರೆಚರ್ ಚಕ್ರ, ಕೆಟ್ಟ ಬೀಗ, ಏಳಲೊಲ್ಲದ ಮಂಚ, ಎಲ್ಲವೂ ಇವರ ಕೈಗೇ ಬರುತ್ತವೆ. ದಿನಕ್ಕೆ ಹದಿನೈದು ಗಾಲಿಯಾದರೂ ಬಿಚ್ಚಿ ಜೋಡಿಸುತ್ತಾರೆ. ಅಪ್ಪನ ಸೈಕಲ್ ಅಂಗಡಿಯಲ್ಲಿ ಕಲಿತ ವಿದ್ಯೆ. ಇಷ್ಟು ವರ್ಷವಾದರೂ ಅವರಿಗೊಂದು ಗುರುತಿನ ಚೀಟಿ ಕೊಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಗೇಟಿನಲ್ಲಿ ಹೊಸ ಕಾವಲುಗಾರ ಬಂದಾಗಲೆಲ್ಲ “ಯಾರನ್ನ ನೋಡ್ಬೇಕಮ್ಮ?” ಎಂದು ತಡೆಯುತ್ತಾನೆ.

ಕಾಫಿ ಯಂತ್ರ ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪ ಚಿಕ್ಕದು, ಐವತ್ತು ದಾಟಿದೆ. ಹದಿನಾಲ್ಕು ವರ್ಷ ಕೆಟ್ಟು ನಿಂತಿತ್ತು. ಅದರ ಮೇಲೆ ಮುರಿದ ಕುರ್ಚಿ ಪೇರಿಸಿದರು, ಪಕ್ಕದಲ್ಲಿ ಪೊರಕೆ ಇಟ್ಟರು. ಒಬ್ಬ ಅಧಿಕಾರಿಯೂ ಕ್ಯಾರೇ ಅನ್ನಲಿಲ್ಲ.

“ಒಂದಿನ ಬೆಳಗ್ಗೆ ಮಗು ಎತ್ಕೊಂಡ ತಾಯಿ ಇದಕ್ಕೆ ಕಾಸು ಹಾಕಿದ್ಲು” ಎನ್ನುತ್ತಾರೆ ಅಕ್ಕ. “ಕೆಟ್ಟಿದೆ ಅಂತ ಬೋರ್ಡೂ ಇರ್ಲಿಲ್ಲ. ಹತ್ತು ನಿಮಿಷ ಕಾಯ್ತಾ ನಿಂತೇ ಇದ್ಲು. ನಂಗೇ ನಾಚಿಕೆ ಆಗೋಯ್ತು.”

ಜ್ವರದ ಮಗು ಹೆಗಲ ಮೇಲೆ ಮಲಗಿದ್ದರೆ ಬೀದಿ ದಾಟಿ ಹೋಗಿ ಬಿಸಿಯಾಗಿ ಏನನ್ನೂ ತರಲಾಗದು. ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆ ನಡೆಸುವವರಿಗೆ ಬಹುಶಃ ಹೇಳಬೇಕು.

ಮರುದಿನದಿಂದಲೇ ಅಕ್ಕ ಕೆಲಸಕ್ಕೆ ಒಂದೂವರೆ ಗಂಟೆ ಮೊದಲೇ ಬರತೊಡಗಿದರು. ಏಳು ತಿಂಗಳು. ಬಾಯ್ಲರಿನ ಒಳಗೆ ಸುಣ್ಣದಂತೆ ಕಟ್ಟಿದ್ದ ಪದರವನ್ನು ಕೆರೆದು ತೆಗೆದರು. ಹಳೇ ನಾಣ್ಯ ಈಗ ಚಲಾವಣೆಯಲ್ಲಿಲ್ಲ, ಹೊಸದು ಚಿಕ್ಕದು, ಹಾಕಿದರೆ ಎಲ್ಲೂ ತಾಗದೆ ಒಳಗೇ ಜಾರಿಹೋಗುತ್ತಿತ್ತು. ಮುರಿದ ಗಾಲಿಕುರ್ಚಿಯ ಬ್ರೇಕ್ ಪಟ್ಟಿ ಕತ್ತರಿಸಿ ಹೊಸ ನಾಣ್ಯದ ಅಳತೆಗೆ, ಅದನ್ನು ಹಿಡಿದುಕೊಳ್ಳುವ ಪುಟ್ಟ ತೊಟ್ಟಿಲು ಮಾಡಿದರು. ಬಿಡಿಭಾಗಗಳು ಮನೆಯ ಅಡುಗೆಕೋಣೆಗೂ ನುಗ್ಗಿದವು. ಜೊತೆಗಿರುವ ತಂಗಿ ಒಂದು ಸಂಜೆ ಒಲೆಯ ಮುಂದಿನಿಂದ ಕಿರುಚಿದ್ದರಂತೆ: “ಅಕ್ಕಾ, ಉಪ್ಪಿನ ಡಬ್ಬೀಲಿ ಸ್ಪ್ರಿಂಗ್ ಇಟ್ಟಿದ್ದೀಯಲ್ಲ, ಉಪ್ಪು ಎಲ್ಲಿಟ್ಟೆ, ಆ ಯಂತ್ರದಲ್ಲಾ?”

ತಪ್ಪೂ ಆಯಿತು. “ಗಾಲಿಗೆ ಎಣ್ಣೆ ಕುಡಿಸಿ ಕುಡಿಸಿ ಅಭ್ಯಾಸ ನೋಡಿ, ನಾಣ್ಯ ಜಾರೋ ದಾರಿಗೂ ಎಣ್ಣೆ ಬಿಟ್ಟೆ. ಎರಡೇ ದಿನಕ್ಕೆ ಧೂಳು ಕೂತು ನಾಣ್ಯ ಅಂಟ್ಕೊಂಡ್ತು. ಎಲ್ಲಾ ತೊಳೆದು, ಪೆನ್ಸಿಲ್ ಸೀಸ ಪುಡಿ ಮಾಡಿ ಉಜ್ಜಿದೆ. ಅದಾದ್ರೆ ಜಾರುತ್ತೆ, ಧೂಳು ಹಿಡಿಯಲ್ಲ.” ಇನ್ನೊಮ್ಮೆ, ಯಾವುದರ ನಂತರ ಯಾವುದು ಎಂದು ಹೇಳುವ ಹಲ್ಲಿನ ಚಕ್ರವನ್ನು ಒಂದು ಹಲ್ಲು ತಪ್ಪಿ ಕೂರಿಸಿದರು. ಮೊದಲು ಬಿಸಿನೀರು ಬಂತು, ಆಮೇಲೆ ಲೋಟ. ಆಂಬುಲೆನ್ಸ್ ಡ್ರೈವರ್ ಈಗಲೂ ಆ ನೀರು ಬಿದ್ದ ತಮ್ಮ ಬೂಟು ತೋರಿಸಿ ರೇಗಿಸುತ್ತಾರೆ.

ಯಂತ್ರ ಓಡತೊಡಗಿ ಮೂರು ತಿಂಗಳಾಗಿದೆ. ಕ್ಯಾಂಟೀನು ತೆರೆಯುವಷ್ಟರಲ್ಲಿ ತೊಂಬತ್ತು ಲೋಟ ಖಾಲಿ. ಪುಡಿ, ಲೋಟದ ಲೆಕ್ಕ ವಾರ್ಡಿನ ಹಿರಿಯ ನರ್ಸ್ ನೋಡಿಕೊಳ್ಳುತ್ತಾರೆ.

ಈಗ ಅಧಿಕಾರಿಗಳ ಕಣ್ಣು ತೆರೆದಿದೆ. ಮೊದಲು ಬಂದದ್ದು ನೋಟಿಸು: ಅನುಮತಿಯಿಲ್ಲದೆ ಆಸ್ಪತ್ರೆಯ ಸ್ವತ್ತನ್ನು ಬಿಚ್ಚಿದ್ದೇಕೆ? ಎರಡನೆಯದು ಆದೇಶ: ಯಂತ್ರ ಅಪರೂಪದ್ದು, ಆದ್ದರಿಂದ ಆಡಳಿತ ಕಟ್ಟಡದ ಮೊಗಸಾಲೆಗೆ ಸಾಗಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ವಿದ್ಯುತ್ತು ಬೇಡ, ನೀರು ಬೇಡ. ಮುಂದೊಂದು ಫಲಕ: ‘ತಾಂತ್ರಿಕ ವಿಭಾಗದಿಂದ ಪುನಶ್ಚೇತನ’. ಈ ತಾಂತ್ರಿಕ ವಿಭಾಗ ಏಳು ತಿಂಗಳಲ್ಲಿ ಒಂದು ಸ್ಕ್ರೂ ಕೊಟ್ಟಿದ್ದರೆ ಹೇಳಲಿ. ಸತ್ತಿದ್ದಾಗ ಬೇಡವಾಗಿದ್ದ ಯಂತ್ರವನ್ನು ಬದುಕಿದ ಮೇಲೆ ಮತ್ತೆ ಸಾಯಿಸಿ ಅಲಂಕಾರಕ್ಕಿಡುವ ಬುದ್ಧಿಗೆ ಏನೆನ್ನಬೇಕು? ಐದು ಗಂಟೆಗೆ ಬಂದು ನೆಲದ ಮೇಲೆ ಕೂರುವವರು ಆ ಮೊಗಸಾಲೆಯ ಬಾಗಿಲನ್ನೂ ದಾಟುವಂತಿಲ್ಲ.

ಅಕ್ಕನ ಬಗ್ಗೆ ಬರೆಯಲೆಂದು ನಾನು ಬಂದಿದ್ದ ದಿನವೇ ಯಂತ್ರ ಒಯ್ಯಲು ಬರುತ್ತಾರೆ. ಆರೂವರೆಗೆ ಸಹಾಯಕ ಆಡಳಿತಾಧಿಕಾರಿ, ಹಿಂದೆ ತಳ್ಳುಗಾಡಿಯೊಂದಿಗೆ ನಾಲ್ವರು ಆಳುಗಳು.

“ಏನಮ್ಮಾ, ಬಿಚ್ಚಿ ಕೊಡ್ತೀಯೋ, ಇವ್ರೇ ಎತ್ಕೊಂಡು ಹೋಗ್ಲೋ?”

“ಕುದಿಯೋ ನೀರಿದೆ ಸಾರ್. ವಾಲಿಸಿದ್ರೆ ಇವ್ರ ಕಾಲ ಮೇಲೇ ಬೀಳುತ್ತೆ.” ನಾಲ್ವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. “ಬಾಯ್ಲರ್ ತಣ್ಣಗಾಗ್ಬೇಕು, ಆಮೇಲೆ ನೀರು ಬಿಡ್ಬೇಕು. ನಾಲ್ಕು ಗಂಟೆ ಹಿಡಿಯುತ್ತೆ.”

“ಸ್ವಿಚ್ ಆರಿಸು, ಮತ್ತೆ!”

“ಆರಿಸ್ತೀನಿ. ಕಾಸು ಹಾಕಿದೋರ ಲೋಟ ಒಂದು ತುಂಬ್ಲಿ.”

ಲೋಟ ತುಂಬುತ್ತದೆ. ಅದನ್ನು ಎತ್ತುವ ಮೊದಲೇ ಹಿಂದಿನ ಕೈ ಇನ್ನೊಂದು ನಾಣ್ಯ ಹಾಕುತ್ತದೆ. ಅದರ ಹಿಂದೆ ಮತ್ತೊಂದು. ಯಾರೂ ಯಾರಿಗೂ ಏನೂ ಹೇಳಿಲ್ಲ. ಬೆಂಚುಗಳಿಂದ ಜನ ಎದ್ದು ಬಂದು ಸಾಲು ಸೇರುತ್ತಾರೆ. ಆಗಷ್ಟೇ ಕುಡಿದು ಮುಗಿಸಿದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಾರೆ.

“ಅಜ್ಜಿ, ನೀವೀಗ ತಾನೆ ಕುಡಿದ್ರಲ್ಲ!” ಅಧಿಕಾರಿಯ ದನಿ ಏರುತ್ತದೆ.

“ಕುಡಿದೆ ಕಣಪ್ಪ. ಸಕ್ಕರೆ ಸಾಲ್ಲಿಲ್ಲ ಅನ್ನಿಸ್ತು.”

ಬೇಕಿದ್ದರೆ ಅಧಿಕಾರಿ ತಾವೇ ಹೋಗಿ ಸ್ವಿಚ್ ಆರಿಸಬಹುದಿತ್ತು. ಅಷ್ಟು ಮುಖಗಳ ನಡುವೆ ದಾರಿ ಮಾಡಿಕೊಂಡು ಹೋಗುವ ಧೈರ್ಯ ಅವರಿಗಿಲ್ಲ. ಏಳಾಗುತ್ತದೆ, ಚೀಟಿ ಕಿಟಕಿ ತೆರೆಯುತ್ತದೆ, ಆದರೂ ಸಾಲು ಕರಗುವುದಿಲ್ಲ. ತಳ್ಳುಗಾಡಿಯವರಲ್ಲಿ ಇಬ್ಬರು ಮೆಲ್ಲಗೆ ಜೇಬು ತಡಕುತ್ತಾ ಸಾಲು ಸೇರುತ್ತಾರೆ.

“ಹಾಗಾದ್ರೆ ಇದು ತಣ್ಣಗಾಗೋದು ಯಾವಾಗ?”

“ಜನ ಬರೋದು ನಿಂತ ಮೇಲೆ ಸಾರ್.”

ಖಾಲಿ ತಳ್ಳುಗಾಡಿ ಗಡಗಡನೆ ಹಿಂದಿರುಗುತ್ತದೆ. ಅದರ ಒಂದು ಗಾಲಿ ಸೊಟ್ಟಗಿದೆ. “ಅದನ್ನ ಮಧ್ಯಾಹ್ನ ತನ್ನಿ, ನೋಡ್ತೀನಿ” ಎಂದು ಅಕ್ಕ ಹಿಂದಿನಿಂದ ಕೂಗುತ್ತಾರೆ.

ಆದೇಶ ಇನ್ನೂ ರದ್ದಾಗಿಲ್ಲ, ಮುಂದಿನ ವಾರ ಮತ್ತೆ ಬರುತ್ತಾರಂತೆ. ಫಲಕದಲ್ಲಿ ನಿಮ್ಮ ಹೆಸರಾದರೂ ಇರಬೇಕಲ್ಲವೇ ಎಂದರೆ ಅಕ್ಕನಿಗೆ ನಗು ತಡೆಯದು.

“ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ? ಬರೆಯೋದಾದ್ರೆ ಒಂದು ಬರೀರಿ. ಈ ಗೋಡೆಯ ಪ್ಲಗ್ ಪಾಯಿಂಟ್ ಬಿಸಿಯಾಗ್ತಿದೆ, ಮುಟ್ಟಿ ನೋಡಿ. ಬದಲಾಯಿಸಿ ಅಂತ ಮೂರು ಸಲ ಹೇಳಿದೀನಿ. ಮಳೆಗಾಲಕ್ಕೆ ಮುಂಚೆ ಹಾಕಿಸ್ಕೊಡ್ಲಿ, ಇಲ್ಲೇ, ಇದೇ ಗೋಡೆಗೆ.”