ಮೂವತ್ತೆಂಟು ಡಿಗ್ರಿ ಅಂದ ಮಷೀನು

೨೦೦೯ರಲ್ಲಿ ನಾನು ಶಾಲೆ ಬಿಟ್ಟೆ, ಒಂಬತ್ತನೇ ಕ್ಲಾಸಿಗೆ. ಯಾರಾದರೂ "ಪಾಪ, ಬಿಡಿಸಿದರಂತ" ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ದಿನಗಳಲ್ಲಿ ನಮ್ಮ ಕಮಲಾಪುರದಲ್ಲಿ ಶಾಲೆ ಬಿಟ್ಟ ಹುಡುಗ ಕಂಡರೆ ಚಹಾದಂಗಡಿಯವರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ಬುದ್ಧಿ ಹೇಳುತ್ತಿದ್ದರು. ನಾನು ಎಲ್ಲರಿಗೂ "ಹೂಂ" ಅಂದು ಮುಂದೆ ಹೋಗುತ್ತಿದ್ದೆ.

ಹೂಂ ಅಂದರೆ ಬಿಡದವನು ಒಬ್ಬನೇ, ಬಸಣ್ಣ ಮಾವ, ನಮ್ಮವ್ವನ ತಮ್ಮ. ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಮನೆಯ ಮುಂದಿನ ತಗಡಿನ ಕೋಣೆಯೇ ಅವನ ಸ್ಟುಡಿಯೊ, ಅದರಲ್ಲಿ ಒಂದೇ ಒಂದು ಕಂಪ್ಯೂಟರ್. ಆ ಬೇಸಿಗೆ ನನ್ನನ್ನು ಅದರ ಮುಂದೆ ಕೂರಿಸಿ ಅಂದ:

"ಜೂನಿನಾಗ ಶಾಲಿ ಸುರು ಆಗ್ತದ. ಅಲ್ಲೀತನಕ ಇಲ್ಲಿ ಕೂಡು. ಏನರೆ ಸುಟ್ಟಿ ಅಂದ್ರ, ಪಾಟೀಚೀಲ ನಿನ್ನ ಹೆಗಲಿಗೆ ಹಾಕಿ ನಾನೇ ಶಾಲಿಗೆ ಬಿಟ್ಟು ಬರ್ತೀನಿ."

"ಸುಡಲಿಲ್ಲ ಅಂದ್ರ?"

"ಆಗ ನೋಡೂಣು."

"ನೋಡೂಣು ಬ್ಯಾಡ ಮಾವಾ, ಈಗೇ ಹೇಳು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿ ನಕ್ಕಳು. ಮಾವ ಬೇಸತ್ತು, "ಆತು ಮಾರಾಯ, ಸುಡಲಿಲ್ಲಂದ್ರ ಇಲ್ಲೇ ಇರು" ಅಂದ.

ತೆಗೆದ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸ ಕಷ್ಟದ್ದಲ್ಲ, ಕರೆಂಟಿನದೇ ಕಾಟ. ಮುಂಜಾನೆ ಬಂದ ಕರೆಂಟು ಮಧ್ಯಾಹ್ನ ಹೋಗಿಬಿಡುತ್ತಿತ್ತು. ಒಂದು ಮದುವೆಯ ವಿಡಿಯೊ ಪೂರ್ತಿ ತಯಾರಾಗಲು ಮಷೀನಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೀಗರ ಊಟ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ, ಅರಿಶಿನ ಹಚ್ಚುವಲ್ಲಿಂದ.

ಕಲಬುರಗಿಯ ಮೋಮಿನಪುರದಲ್ಲಿ ನನ್ನ ಗೆಳೆಯ ರಫೀಕ ಇದ್ದ. ನನಗಿಂತ ಸ್ವಲ್ಪ ದೊಡ್ಡವನು, ಕಂಪ್ಯೂಟರ್ ಜೋಡಿಸುತ್ತಿದ್ದ. ಅವರ ಮನೆಯ ತಹರಿ ಅನ್ನ ತಿನ್ನುತ್ತ ನಾನು ನನ್ನ ಗೋಳು ಹೇಳಿಕೊಂಡೆ. ಅವನು ಅಂದ, ಕಂಪನಿಯವರು ಪ್ರೊಸೆಸರಿಗೆ ಒಂದು ವೇಗ ಕಟ್ಟಿರುತ್ತಾರೆ, ಸೆಟ್ಟಿಂಗಿನೊಳಗೆ ಹೋಗಿ ಅದನ್ನು ಏರಿಸಬಹುದು. ಏರಿಸಿದಷ್ಟೂ ಕಾಯುತ್ತದೆ, ಅತಿಯಾದರೆ ಸಾಯುತ್ತದೆ. ಮರುದಿನವೇ ಬಸ್ಸು ಹತ್ತಿ ಬಂದು ಏರಿಸಿಕೊಟ್ಟ. ಬಿಸಿ ತೋರಿಸುವ ಒಂದು ಪ್ರೋಗ್ರಾಮನ್ನೂ ಹಾಕಿದ. ಪರದೆಯ ಮೂಲೆಯಲ್ಲಿ ಅಂಕಿ ನಿಂತಿತು.

"ದೇಖ್, ಮೂವತ್ತೆಂಟು! ಟೆನ್ಶನ್ ನಕ್ಕೋ ಲೇ, ಚಿಂತಿ ಬ್ಯಾಡ."

ಅವತ್ತು ಕರೆಂಟು ಹೋಗುವ ಮೊದಲೇ ಮದುವೆ ಮುಗಿಯಿತು. ಮಾವ ಕೆಂಪು ಬಾಳೆಹಣ್ಣಿನ ಚಿಪ್ಪೊಂದು ತಂದು ನನ್ನ ಮುಂದಿಟ್ಟ. ಆ ಹಣ್ಣಿನ ವಾಸನೆಯಲ್ಲಿ ನಾನು ಎದೆ ಸೆಟೆಸಿ ಕೂತೆ. ಶಾಲೆಯೇನು, ಹೆಡ್‌ಮಾಸ್ತರರೇ ಬಂದು ಕರೆದರೂ ಏಳುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಇನ್ನೂ ಹೋಗಿರಲಿಲ್ಲ. ತಗಡಿನ ಕೆಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಮಷೀನಿನಿಂದ ಕಾದ ಧೂಳಿನ ವಾಸನೆ. ಅತ್ತಿ ಬಂದವಳೇ ಮಷೀನಿನ ಡಬ್ಬಿಯ ಮೇಲೆ ಕೈಯಿಟ್ಟಳು.

"ಏ, ಇದಕ್ಕ ಜ್ವರ ಬಂದಾವಲೇ!" ಅಂದು, ಹಸಿ ಅರಿವೆ ಹಿಂಡಿ ತಂದು ಹೊದಿಸಲು ಹೊರಟಳು.

"ಅತ್ತೀ! ನೀರು ತಾಗಿದ್ರ ಎಲ್ಲಾ ಹೋತು! ಜ್ವರ ಗಿರ ಇಲ್ಲ, ಅಲ್ನೋಡು, ಮೂವತ್ತೆಂಟೇ ಅದ."

"ನಿನ್ನಿ ನಲವತ್ತೆರಡಿತ್ತಂತ ರೇಡಿಯೊದಾಗ ಅಂದ್ರು. ಊರೆಲ್ಲ ಬೇಯ್ಲಿಕತ್ತದ, ಇದೊಂದು ತಂಪದ ಏನು? ಹಂಗಿದ್ರ ಇದರ ಮ್ಯಾಲೆ ನನ್ನ ಕೊಡ ಇಡ್ತೀನಿ ತಗಿ, ನೀರರೆ ತಣ್ಣಗಾಗ್ತಾವ."

ಅವಳು ಚೇಷ್ಟೆ ಮಾಡಿ ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಕೂತ ಕೋಣೆಗಿಂತ ತಣ್ಣಗೆ ಯಾವ ಮಷೀನು ಇರುತ್ತದೆ? ರಫೀಕನಿಗೆ ಫೋನ್ ಹಚ್ಚಿದೆ.

"ಸ್ಕ್ರೀನ್ ಸುಳ್ಳು ಹೇಳಂಗಿಲ್ಲ ಲೇ."

"ಹಂಗಾದ್ರ ಬಿಸಲು ಸುಳ್ಳು ಹೇಳ್ತದೇನು?"

"ಬಂದ್ ಮಾಡು. ವೇಗ ಏರಿಸಿದ್ವಲ್ಲ, ಆ ಪೇಜಿನಾಗೂ ಗರ್ಮಿ ತೋರಿಸ್ತದ. ಅದು ಮಷೀನಿನದೇ ಸ್ವಂತ ಲೆಕ್ಕ. ಆರೋದರೊಳಗ ನೋಡು" ಅಂದ.

ಬಂದ್ ಮಾಡಿದರೆ ಅರ್ಧ ಆದ ಮದುವೆ ಹೋಯಿತು. ಸಂಜೆಗೆ ಹೆಣ್ಣಿನ ಕಡೆಯವರು ಬರುವವರು. ಹಾಗೇ ಬಿಟ್ಟು ಮಷೀನು ಸುಟ್ಟರೆ, ಹೆಗಲಿಗೆ ಪಾಟೀಚೀಲ. ನಾನು ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿ ಆ ಪೇಜು ತೆರೆದೆ. ಎಂಬತ್ತೊಂದು. ಕೆಲಸ ನಿಲ್ಲಿಸಿ ದಮ್ಮು ತಗೊಂಡ ಮೇಲೂ ಎಂಬತ್ತೊಂದು! ಅಂದರೆ ದುಡಿಯುವಾಗ ಇನ್ನೆಷ್ಟಿತ್ತೋ. ರಫೀಕ ಹಾಕಿದ ಪ್ರೋಗ್ರಾಮು ಇಷ್ಟು ದಿನ ಸುಳ್ಳು ಅಂಕಿ ತೋರಿಸಿತ್ತು.

ಅಷ್ಟರಲ್ಲಿ ಮಾವ ಬಂದ. "ಯಾಕ್ಲೇ, ಕೆಲಸ ಬಂದ್ ಬಿದ್ದದ?"

ಎಲ್ಲ ನೆಟ್ಟಗೆ ಹೇಳಿದೆ. ಅವನ ಮೋರೆ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಅಂದ್ರ ಶಾಲಿಗೆ ನಡಿ!"

"ಯಾಕ? ಸುಟ್ರ ಅಂದಿದ್ದಿ. ಸುಟ್ಟದೇನು? ಮುಟ್ಟಿ ನೋಡು, ಜೀವಂತ ಅದ."

"ಸುಡೂದಿತ್ತಲ್ಲ?"

"ಇತ್ತು. ಸುಡಗೊಡಲಿಲ್ಲ. ಯಾರು ಸುಡಗೊಡಲಿಲ್ಲ, ಹೇಳು?"

ಅತ್ತಿ ಒಳಗಿನಿಂದ ಕೂಗಿದಳು: "ಹುಡುಗ ಖರೇ ಹೇಳ್ಲಿಕತ್ತದ. ನೀ ಆಡಿದ್ದು ನಾ ಕೇಳೀನಿ."

ವೇಗ ಇಳಿಸಿದೆ. ಧೂಳು ಊದಿ, ಡಬ್ಬಿಯ ಬದಿಯ ತಗಡು ತೆಗೆದು, ಟೇಬಲ್ ಫ್ಯಾನ್ ಹಚ್ಚಿದೆ. ಕರೆಂಟಿಗೆ ಬೇರೆ ದಾರಿ ಹುಡುಕಿದೆ. ಮದುವೆಯನ್ನೇ ಎರಡು ತುಂಡು ಮಾಡಿದೆ. ಅಕ್ಷತೆಯ ತನಕ ಒಂದು ದಿನ, ಊಟದಿಂದ ಮುಂದಿನದು ಇನ್ನೊಂದು ದಿನ. ತಡವಾಯಿತೆಂದು ಹೆಣ್ಣಿನ ಕಡೆಯವರು ಬೈದರು. ಬೈಗಳನ್ನೆಲ್ಲ ಮಾವನೇ ತಿಂದ, ನನ್ನ ಕಡೆ ತಿರುಗಿಸಲಿಲ್ಲ. ಜೂನಿನಲ್ಲಿ ಶಾಲೆಯ ಗಂಟೆ ಬಾರಿಸಿದಾಗ ಬಾಗಿಲಲ್ಲಿ ನಿಂತು ಯೂನಿಫಾರ್ಮಿನ ಹುಡುಗರನ್ನು ನೋಡಿದ, ನನ್ನನ್ನು ನೋಡಿದ, ಕ್ಯಾಮೆರಾ ಒರೆಸತೊಡಗಿದ.

ಈಗಿನ ಪ್ರೊಸೆಸರುಗಳು ಕಾದರೆ ತಾವೇ ನಿಧಾನ ಆಗುತ್ತವೆ. ಯಾರೂ ಅಂಕಿಯ ಜೊತೆ ಜಗಳಕ್ಕೆ ಬೀಳುವುದಿಲ್ಲ. ನನ್ನ ಅಂಗಡಿಗೆ ಮಷೀನು ತರುವ ಗಿರಾಕಿಗಳು ಪರದೆ ತೋರಿಸಿ "ನಾರ್ಮಲ್ ಅದ ರೀ" ಅನ್ನುತ್ತಾರೆ. ನಾನು ಮೊದಲು ಕೇಳುವುದು, "ನಿಮ್ಮ ಕೋಣಿ ಎಷ್ಟು ಕಾಯ್ತದ್ರೀ?" ಅವರು ನನ್ನನ್ನು ಮಿಕಿಮಿಕಿ ನೋಡುತ್ತಾರೆ. ನೋಡಲಿ. ಮಾರ್ಕ್ಸ್ ಕಾರ್ಡ್ ಎಲ್ಲಿ ಅಂತ ಕೇಳಿದವರಿಗೂ ನಾನು ತಲೆ ತಗ್ಗಿಸಿಲ್ಲ.

ರಫೀಕ ಮೊಬೈಲಿನ ಧಂದೆಗೆ ಹೋದ. ಮಾವ ತೀರಿಕೊಂಡು ವರ್ಷಗಳಾದವು. ಈಗ ನನ್ನ ಹತ್ತಿರ ಇರುವುದಿಷ್ಟು: ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಅಂಗಡಿ. ಅದರಲ್ಲಿ ನನ್ನ ಕೈಯಾರೆ ಜೋಡಿಸಿದ ಮೂರು ಮಷೀನು. ಕಮಲಾಪುರದಲ್ಲಿ ಎರಡು ಕೋಣೆಯ ಮನೆ. ಶಾಲಿಗೆ ನಡಿ ಅಂತ ಬೆನ್ನು ಹತ್ತುವವರು, ಒಬ್ಬರೂ ಇಲ್ಲ.